ಕ್ಯಾಟಲಿನಾ 36 ಅಥವಾ ಎರಿಕ್ಸನ್ 35-3: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಾಯಿ ಕಲಿತು, ಕ್ಲಬ್ಬಿನ ಬಾಡಿಗೆ ದೋಣಿ ಸಾಕಾಗಿ, ಸ್ವಂತದ್ದೊಂದು ಬೇಕು ಎನ್ನುವವರ ಪಟ್ಟಿಯಲ್ಲಿ ಕೊನೆಗೆ ಉಳಿಯುವ ಹೆಸರುಗಳಲ್ಲಿ ಈ ಎರಡು ಇದ್ದೇ ಇರುತ್ತವೆ: ಕ್ಯಾಟಲಿನಾ 36ರ ಮಾರ್ಕ್ 1 (ಅಂದರೆ ಮೊದಲ ಆವೃತ್ತಿ) ಮತ್ತು ಎರಿಕ್ಸನ್ 35-3. ಎರಡೂ ದಕ್ಷಿಣ ಕ್ಯಾಲಿಫೋರ್ನಿಯಾದ ಕಂಪನಿಗಳ ದೋಣಿಗಳು, ಎರಡೂ 1982ರ ಆಸುಪಾಸಿನಲ್ಲಿ ಶುರುವಾದ ಮಾದರಿಗಳು. ಬಹುಪಾಲು ದೋಣಿಗಳಲ್ಲಿರುವುದು ಯೂನಿವರ್ಸಲ್ ಡೀಸೆಲ್ ಎಂಜಿನ್. ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ದೋಣಿಯ ಸ್ಥಿತಿ ನೋಡಿ ಏರಿಳಿಯುತ್ತದೆ ಅಷ್ಟೆ.

ಎರಡನ್ನೂ ವರ್ಷಗಟ್ಟಲೆ ನಡೆಸಿ, ಬಿಚ್ಚಿ, ಜೋಡಿಸಿದ ಮೇಲೆ ನಮಗೆ ಕಂಡ ವ್ಯತ್ಯಾಸ ಇಷ್ಟು. ಕ್ಯಾಟಲಿನಾದ ಕಾಯಿಲೆಗಳೆಲ್ಲ ಊರಿಗೇ ಗೊತ್ತಿರುವಂಥವು, ಮದ್ದು ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ. ಎರಿಕ್ಸನ್ನಿನ ಮೈಕಟ್ಟು ಗಟ್ಟಿ, ಆದರೆ ಕೆಟ್ಟ ಭಾಗವನ್ನು ನೀವೇ ಮಾಡಿಸಿಕೊಳ್ಳಬೇಕು. ಮಿಕ್ಕ ಮಾತೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಮೊದಲು ಅಳತೆ. ಕ್ಯಾಟಲಿನಾ ಒಟ್ಟು ಉದ್ದ 36 ಅಡಿ 4 ಇಂಚು, ನೀರಿನ ಮಟ್ಟದಲ್ಲಿ 30 ಅಡಿ 3 ಇಂಚು, ಅಗಲ 11 ಅಡಿ 11 ಇಂಚು, ತೂಕ 13,500 ಪೌಂಡ್, ಅದರಲ್ಲಿ ತಳದಿಂದ ನೀರಿನಾಳಕ್ಕೆ ಇಳಿದ ಭಾರದ ಫಲಕ, ಅಂದರೆ ಕೀಲ್‌ನ ಸೀಸ 6,000 ಪೌಂಡ್. ಎರಿಕ್ಸನ್ ಉದ್ದ 35 ಅಡಿ 6 ಇಂಚು, ಅಗಲ 11 ಅಡಿ 4 ಇಂಚು, ತೂಕ ಸುಮಾರು 13,000 ಪೌಂಡ್, ಕೀಲ್‌ನ ಸೀಸ 5,000 ಪೌಂಡ್. ಕಾಗದದ ಮೇಲೆ ಕ್ಯಾಟಲಿನಾ ಉದ್ದವೂ ಹೌದು, ತಳಭಾರದಲ್ಲಿ ಹೆಚ್ಚೂ ಹೌದು. ಹಾಗಾದರೆ ಅದೇ ವೇಗವಾಗಿ, ನೆಟ್ಟಗೆ ನಿಂತು ಓಡಬೇಕಲ್ಲ? ಓಡುವುದಿಲ್ಲ. ಎರಿಕ್ಸನ್ನಿನ ಕೀಲ್ 6 ಅಡಿ 2 ಇಂಚು ಆಳಕ್ಕೆ ಇಳಿಯುತ್ತದೆ, ಕ್ಯಾಟಲಿನಾದ ಸಾಮಾನ್ಯ ಕೀಲ್ 5 ಅಡಿ 10 ಇಂಚು. ಬ್ರೂಸ್ ಕಿಂಗ್ ವಿನ್ಯಾಸಗೊಳಿಸಿದ ಎರಿಕ್ಸನ್ನಿನ ಒಡಲು ಸಪೂರ, ಗಾಳಿಗೆ ಎದುರಾಗಿ ಹೆಚ್ಚು ಮೊನಚಾಗಿ ಏರುತ್ತದೆ. ಬೇರೆ ಬೇರೆ ದೋಣಿಗಳ ವೇಗ ಸರಿದೂಗಿಸಲು ಇಡುವ ರೇಸಿನ ಹ್ಯಾಂಡಿಕ್ಯಾಪ್ ಲೆಕ್ಕದಲ್ಲೂ ಎರಿಕ್ಸನ್ ಮೈಲಿಗೆ ಸುಮಾರು ಹತ್ತು ಸೆಕೆಂಡಿನಷ್ಟು ಚುರುಕು.

ಬೇಸಿಗೆಯ ಮಧ್ಯಾಹ್ನ ಕೊಲ್ಲಿಯ ಬಾಯಾದ ಗೋಲ್ಡನ್ ಗೇಟ್‌ನಿಂದ ಬರ್ಕ್ಲಿ ಕಡೆಗೆ 20ರಿಂದ 25 ನಾಟ್ ಗಾಳಿ ನುಗ್ಗುತ್ತದೆ. ಜೊತೆಗೆ ಇಳಿತದ ನೀರು ಗಾಳಿಗೆ ಎದುರಾಗಿ ಹರಿದರೆ ಅಲೆ ಚಿಕ್ಕದು, ಕಡಿದು, ಒಂದರ ಬೆನ್ನಿಗೆ ಇನ್ನೊಂದು. ಎರಡು ದೋಣಿಗಳ ಸ್ವಭಾವ ಬೇರೆಯಾಗುವುದು ಇಲ್ಲೇ. ಕ್ಯಾಟಲಿನಾದ ಅಗಲದ ಹೊಟ್ಟೆ 20 ಡಿಗ್ರಿ ದಾಟಿ ವಾಲಿತೆಂದರೆ ಚುಕ್ಕಾಣಿಚಕ್ರ ಕೈ ಎಳೆಯಲು ಶುರು ಮಾಡುತ್ತದೆ, ಮೂತಿ ಗಾಳಿಯತ್ತ ತಿರುಗಲು ಹವಣಿಸುತ್ತದೆ. ಚುಕ್ಕಾಣಿ ಕೆಟ್ಟಿದೆ ಎಂದುಕೊಳ್ಳಬೇಡಿ, ಹಾಯಿ ಹೆಚ್ಚಾಗಿದೆ ಅಷ್ಟೆ. ಮೊದಲ ರೀಫ್ ಅನ್ನು (ದೊಡ್ಡ ಹಾಯಿಯನ್ನು ಒಂದಷ್ಟು ಮಡಿಸಿ ಕಟ್ಟುವುದು) 15 ನಾಟ್‌ಗೇ ಹಾಕಿ, 150 ಪ್ರತಿಶತದ ಜೆನೋವಾವನ್ನು (ಮಾಸ್ಟ್, ಅಂದರೆ ಹಾಯಿಕಂಬದ ಹಿಂದಕ್ಕೂ ಚಾಚುವ ದೊಡ್ಡ ಮುಂಹಾಯಿ) ಚಳಿಗಾಲಕ್ಕೆ ಎತ್ತಿಟ್ಟು, ಜೂನ್‌ನಿಂದ ಆಗಸ್ಟ್‌ವರೆಗೆ 110ರ ಜಿಬ್ (ಚಿಕ್ಕ ಮುಂಹಾಯಿ) ಕಟ್ಟಿದರೆ ಅದೇ ದೋಣಿ ಸೌಮ್ಯವಾಗುತ್ತದೆ. ಮಾರಾಟದ ಜಾಹೀರಾತಿನಲ್ಲಿ 'ಹೊಸ 150 ಜೆನೋವಾ' ಎಂದಿದ್ದರೆ ಅದನ್ನು ಹೆಚ್ಚುಗಾರಿಕೆಯೆಂದು ಲೆಕ್ಕಕ್ಕೆ ಹಿಡಿಯಬೇಡಿ. ಇಲ್ಲಿನ ಗಾಳಿಗೆ ನೀವು ಇನ್ನೊಂದು ಹಾಯಿ ಕೊಳ್ಳಲೇಬೇಕು. ಎರಿಕ್ಸನ್‌ಗೂ ರೀಫ್ ಬೇಕು, ಆದರೆ ಮೂರು-ನಾಲ್ಕು ನಾಟ್ ತಡವಾಗಿ. ಗೋಲ್ಡನ್ ಗೇಟ್ ದಾಟಿ ದಕ್ಷಿಣಕ್ಕೆ ಹಾಫ್ ಮೂನ್ ಬೇ, ಮಾಂಟೆರೆ ಕಡೆ ಹೋಗುವವರಿಗೆ ಬರುವಾಗಿನ ಉತ್ತರದ ಎದುರುಗಾಳಿಯಲ್ಲಿ ಈ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ: ಕ್ಯಾಟಲಿನಾ ಅಲೆಯ ಮೇಲೆ ಬಿದ್ದು ಸದ್ದು ಮಾಡುತ್ತದೆ, ಎರಿಕ್ಸನ್ ಸೀಳಿಕೊಂಡು ಹೋಗುತ್ತದೆ. ಎಂಜಿನ್ ಹಾಕಿಕೊಂಡೇ ಬಂದರೆ ಎರಡೂ ಒಂದೇ.

ಆಳದ ಪ್ರಶ್ನೆಗೆ ಇನ್ನೊಂದು ಮುಖವಿದೆ. ದೋಣಿ ಕಟ್ಟುವ ತಂಗುದಾಣವಾದ ಬರ್ಕ್ಲಿ ಮರೀನಾದ ಬಾಯಲ್ಲಿ ಹೂಳು ತುಂಬುತ್ತದೆ. ತೀರಾ ಇಳಿತದ ಹೊತ್ತಿನಲ್ಲಿ 6 ಅಡಿ 2 ಇಂಚಿನ ಕೀಲ್ ಇಟ್ಟುಕೊಂಡು ಒಳಹೋಗುವವರು ಉಬ್ಬರದ ಪಟ್ಟಿ ನೋಡಿಯೇ ಹೊರಡಬೇಕು. ದಕ್ಷಿಣ ಕೊಲ್ಲಿಯಲ್ಲೂ, ಸ್ಯಾಕ್ರಮೆಂಟೊ ಡೆಲ್ಟಾದ ಕಾಲುವೆಗಳಲ್ಲೂ ಹಾಗೆಯೇ. ಕ್ಯಾಟಲಿನಾದಲ್ಲಿ 4 ಅಡಿ 5 ಇಂಚಿನ ರೆಕ್ಕೆ ಕೀಲ್ (ಬುಡದಲ್ಲಿ ಎರಡೂ ಬದಿಗೆ ರೆಕ್ಕೆ ಚಾಚಿದ ಗಿಡ್ಡ ಕೀಲ್) ಸಿಗುತ್ತದೆ, ಡೆಲ್ಟಾಗೆ ಚೆನ್ನ. ಆದರೆ ಕೆಸರಿಗೆ ಸಿಕ್ಕಿದರೆ ಸಾಮಾನ್ಯ ಕೀಲ್‌ನಂತೆ ದೋಣಿಯನ್ನು ವಾಲಿಸಿ ಬಿಡಿಸಿಕೊಳ್ಳುವ ಉಪಾಯ ನಡೆಯುವುದಿಲ್ಲ. ವಾಲಿಸಿದಷ್ಟೂ ಒಂದು ರೆಕ್ಕೆ ಇನ್ನೂ ಕೆಳಗೆ ಇಳಿಯುತ್ತದೆ. ನೆಟ್ಟಗೇ ಇಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಸಬೇಕು, ಇಲ್ಲವೇ ಉಬ್ಬರಕ್ಕೆ ಕಾಯಬೇಕು.

ಕ್ಯಾಟಲಿನಾದ ಕೀಲ್ ಬಗ್ಗೆ ಎಲ್ಲರೂ ಕೇಳುವುದು 'ಕ್ಯಾಟಲಿನಾ ಸ್ಮೈಲ್'. ಒಡಲಿನ ತಳದಿಂದ ಇಳಿದ ಫೈಬರ್ ಗಿಡ್ಡಭಾಗಕ್ಕೂ ಸೀಸದ ಕೀಲ್‌ಗೂ ನಡುವಿನ ಕೂಡಿನಲ್ಲಿ, ಮುಂದಿನ ಅಂಚಿನಿಂದ ಶುರುವಾಗಿ ಮುಗುಳ್ನಗೆಯಂತೆ ಬಾಗಿದ ಬಿರುಕು. ದೋಣಿಯನ್ನು ಮೇಲೆತ್ತಿ ಪಟ್ಟಿಗಳಲ್ಲಿ ತೂಗುಬಿಟ್ಟಾಗ ಬಿರುಕು ಅಗಲವಾಗಿ, ನೆಲದಲ್ಲಿ ಕೀಲ್ ಮೇಲೆ ನಿಲ್ಲಿಸಿದಾಗ ಮುಚ್ಚಿಕೊಂಡರೆ ಬೋಲ್ಟುಗಳು ಸಡಿಲವಾಗಿವೆ ಎಂದರ್ಥ. ದೋಣಿಯ ಭಾರವೆಲ್ಲ ಕೀಲ್ ಮೇಲೆ ಕೂತಿರುವಾಗ, ನಡುವಿನ ಬೋಲ್ಟಿನಿಂದ ಶುರುಮಾಡಿ ತುದಿಗಳತ್ತ, ಬೋಲ್ಟಿನ ದಪ್ಪಕ್ಕೆ ಕಂಪನಿ ಕೊಟ್ಟಿರುವ ಟಾರ್ಕ್‌ಗೆ ಬಿಗಿಯಬೇಕು. ಆಮೇಲೆ ಬಿರುಕನ್ನು ಉಜ್ಜಿ ತೆರೆದು, ಒಣಗಿಸಿ, ಎಪಾಕ್ಸಿ ತುಂಬಿ ಬಣ್ಣ ಹೊಡೆಯುವುದು. ಒಂದೇ ಹಂಗಾಮಿನಲ್ಲಿ ಮತ್ತೆ ಬಿರುಕು ಬಿಟ್ಟರೆ, ಅಥವಾ ಬಿರುಕಿನಿಂದ ಕಂದು ಬಣ್ಣದ ತುಕ್ಕುನೀರು ಇಳಿಯುತ್ತಿದ್ದರೆ, ಹೊರಗಿನ ತೇಪೆ ಕೆಲಸ ಸಾಲದು. ಕೀಲ್ ಇಳಿಸಿ ಬೋಲ್ಟು ನೋಡಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯದೆ ಮುಂದುವರಿಯಬೇಡಿ. ಕೂದಲೆಳೆಯ ಬಿರುಕು ಕಂಡು ಗಾಬರಿಪಟ್ಟು ಒಳ್ಳೆಯ ದೋಣಿ ಬಿಟ್ಟವರೂ ಇದ್ದಾರೆ, ಅದೂ ಬೇಡ.

ಎರಿಕ್ಸನ್‌ನಲ್ಲಿ ಈ ಜಾಗದ ಚಿಂತೆ ಬೇರೆ ರೀತಿಯದು. 1980ರ ದಶಕದ ಎರಿಕ್ಸನ್‌ಗಳಲ್ಲಿ ಒಡಲಿನ ಒಳಗೆ ಫೈಬರ್‌ನ ದೊಡ್ಡ ಚೌಕಟ್ಟೊಂದನ್ನು ಕೂರಿಸಿ ಅಂಟಿಸಿದ್ದಾರೆ. ಕಂಪನಿ ಅದಕ್ಕೆ ಟ್ರೈ-ಆಕ್ಸಿಯಲ್ ಫೋರ್ಸ್ ಗ್ರಿಡ್ ಎಂದು ಹೆಸರಿಟ್ಟಿತ್ತು. ಕೀಲ್‌ನ ಎಳೆತ, ಮಾಸ್ಟ್‌ನ ಒತ್ತಡ, ಮಾಸ್ಟ್ ಅನ್ನು ಎರಡೂ ಬದಿಯಿಂದ ಹಿಡಿದಿಡುವ ತಂತಿಗಳ ಸೆಳೆತ ಮೂರೂ ಅದರಲ್ಲೇ ಸೇರುತ್ತವೆ. ತಂತಿಯ ಭಾರ ಅದನ್ನು ಕಟ್ಟುವ ಲೋಹದ ಪಟ್ಟಿಯಿಂದ, ಅಂದರೆ ಡೆಕ್‌ನ ಚೈನ್‌ಪ್ಲೇಟ್‌ನಿಂದ ಒಳಗಿನ ಉಕ್ಕಿನ ಸರಳಿನ ಮೂಲಕ ಈ ಚೌಕಟ್ಟಿಗೆ ಇಳಿಯುತ್ತದೆ. ಅಲೆಯಲ್ಲಿ ಎರಿಕ್ಸನ್ ಕಿರುಗುಟ್ಟದಿರುವುದಕ್ಕೆ ಕಾರಣ ಇದೇ. ದೋಣಿ ಎಂದಾದರೂ ಬಂಡೆಗೆ ಬಡಿದಿದ್ದರೆ ಮಾತ್ರ ಪೆಟ್ಟು ಇಲ್ಲಿಗೇ ಬರುತ್ತದೆ. ನೆಲಹಲಗೆಗಳನ್ನೆಲ್ಲ ತೆಗೆದು, ಟಾರ್ಚ್ ಹಿಡಿದು, ಕೀಲ್‌ನ ಹಿಂದಿನ ಅಂಚಿನ ಮೇಲ್ಭಾಗದಲ್ಲಿ ಚೌಕಟ್ಟು ಒಡಲಿಗೆ ಅಂಟಿದ ಗೆರೆಯನ್ನು ಬೆರಳಿನಿಂದ ಸವರಿ ನೋಡಿ. ಬಿರುಕು ಅಲ್ಲಿ ಮೊದಲು ಕಾಣುತ್ತದೆ. ಚೌಕಟ್ಟಿನ ಅಡಿಯ ಸಣ್ಣ ನೀರುಕಂಡಿಗಳು ಕಸದಿಂದ ಕಟ್ಟಿಕೊಂಡು, ಬಿಲ್ಜ್ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ಪಂಪಿಗೆ ಸಿಗದ ಕೊಳೆನೀರು ಮೂಲೆಯಲ್ಲಿ ನಿಂತು ನಾರುವುದೂ ಇದೆ. ಬಾಗಿದ ತಂತಿಯೊಂದರಿಂದ ವರ್ಷಕ್ಕೊಮ್ಮೆ ಕೆದಕಿದರೆ ಮುಗಿಯಿತು.

ಕ್ಯಾಟಲಿನಾದ ಮಾಸ್ಟ್ ಡೆಕ್ ಮೇಲೆ ನಿಂತಿದೆ, ಕೆಳಗೆ ಕ್ಯಾಬಿನ್‌ನಲ್ಲಿ ಒಂದು ಕಂಬ ಅದರ ಭಾರ ಹೊರುತ್ತದೆ. ಕಂಬದ ಬುಡ ಕೊಳೆತರೆ ಅಥವಾ ತುಕ್ಕು ಹಿಡಿದರೆ ಮೇಲೆ ಮೂರು ಲಕ್ಷಣ ಕಾಣುತ್ತವೆ: ತಂತಿ ಎಷ್ಟು ಬಿಗಿದರೂ ಸಡಿಲಾಗುತ್ತದೆ, ಶೌಚದ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಮಾಸ್ಟ್ ಸುತ್ತ ಡೆಕ್ ಸ್ವಲ್ಪ ತಗ್ಗಾಗಿ ಮಳೆನೀರು ನಿಲ್ಲುತ್ತದೆ. ಎರಿಕ್ಸನ್‌ನ ಮಾಸ್ಟ್ ಡೆಕ್ ತೂರಿ ತಳದವರೆಗೆ ಹೋಗುತ್ತದೆ. ಈ ಸಮಸ್ಯೆ ಇಲ್ಲ, ಬದಲಿಗೆ ಮಳೆಗಾಲದಲ್ಲಿ ಮಾಸ್ಟ್ ಒಳಗಿನಿಂದ ನೀರು ಬಿಲ್ಜ್‌ಗೆ ಇಳಿಯುತ್ತಲೇ ಇರುತ್ತದೆ, ಅಲ್ಯೂಮಿನಿಯಂ ಬುಡ ಸವೆಯುತ್ತದೆ.

ಈಗ ಎಂಜಿನ್. ಇಲ್ಲಿ ನಿಧಾನವಾಗಿ ನೋಡಬೇಕು, ಯಾಕೆಂದರೆ ಹೊಸ ಡೀಸೆಲ್ ಕೂರಿಸುವ ಖರ್ಚು ಈ ದೋಣಿಗಳ ಬೆಲೆಯ ಅರ್ಧಕ್ಕೂ ಮೇಲೆ ಹೋಗಬಹುದು. ಎರಡರಲ್ಲೂ ಹೆಚ್ಚಾಗಿ ಸಿಗುವುದು ಯೂನಿವರ್ಸಲ್ ಎಂ-25: ಮೂರು ಸಿಲಿಂಡರ್, ಮೂಲ ಕುಬೋಟಾದ ಟ್ರ್ಯಾಕ್ಟರ್ ಎಂಜಿನ್, 21 ಅಶ್ವಶಕ್ತಿ. ನಂತರದ ಎಂ-25ಎಕ್ಸ್‌ಪಿ 23. ಗಂಟೆಗೆ ಅರ್ಧ ಗ್ಯಾಲನ್ ಆಸುಪಾಸು ಡೀಸೆಲ್ ಕುಡಿಯುತ್ತದೆ. ಎಂಜಿನ್ ಬ್ಲಾಕ್ ಸಾಯುವುದೇ ಇಲ್ಲ ಎನ್ನಬಹುದು. ಅದರ ಸುತ್ತ ಕಟ್ಟಿದ ವಸ್ತುಗಳು ಕೈಕೊಡುತ್ತವೆ.

ಮೊದಲನೆಯದು ವೈರಿಂಗ್. ಎಂಜಿನ್‌ನಿಂದ ಕಾಕ್‌ಪಿಟ್ ಪ್ಯಾನೆಲ್‌ಗೆ ಹೋಗುವ ತಂತಿಕಟ್ಟಿನ ಎರಡೂ ತುದಿಯಲ್ಲಿ ರಬ್ಬರಿನ ಪ್ಲಗ್‌ಗಳಿವೆ, ಕಾರಿನ ಹಿಂದೆ ಟ್ರೇಲರ್‌ಗೆ ಚುಚ್ಚುವಂಥವು. ಪ್ಯಾನೆಲ್‌ನಲ್ಲಿ ಆಮೀಟರ್ ಇದ್ದರೆ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟ್ ಪೂರ್ತಿ ಈ ಪ್ಲಗ್‌ಗಳ ಮೂಲಕ ಹೋಗಿ ಬರುತ್ತದೆ. ಉಪ್ಪುಗಾಳಿಗೆ ಪಿನ್ ಹಸಿರುಗಟ್ಟಿ, ತಡೆ ಹೆಚ್ಚಿ, ಬಿಸಿಯಾಗಿ ರಬ್ಬರ್ ಕರಗುತ್ತದೆ. ಪ್ಲಗ್ ಎಳೆದು ನೋಡಿ: ಒಂದು ತೂತಿನ ಸುತ್ತ ಕಂದುಗಟ್ಟಿ ಉಬ್ಬಿದ್ದರೆ, ಸುಟ್ಟ ವಾಸನೆ ಇದ್ದರೆ, ಆ ದೋಣಿ ಬೆಂಕಿಯ ಹತ್ತಿರ ಹೋಗಿ ಬಂದಿದೆ. ಪರಿಹಾರ ಒಂದು ಶನಿವಾರದ ಕೆಲಸ. ಪ್ಲಗ್‌ಗಳನ್ನು ಕತ್ತರಿಸಿ ಟರ್ಮಿನಲ್ ಪಟ್ಟಿ ಹಾಕುವುದು, ಆಮೀಟರ್ ತೆಗೆದು ವೋಲ್ಟ್‌ಮೀಟರ್ ಕೂರಿಸುವುದು, ಆಲ್ಟರ್ನೇಟರ್‌ನ ದಪ್ಪ ತಂತಿಯನ್ನು ಪ್ಯಾನೆಲ್‌ಗೆ ಕಳಿಸದೆ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಎಳೆಯುವುದು. ತವರ ಲೇಪಿಸಿದ ಮರೈನ್ ವೈರ್ ಮಾತ್ರ ಬಳಸಿ. ಕೀಲಿ ತಿರುಗಿಸಿದರೂ ಸ್ಟಾರ್ಟರ್ 'ಟಿಕ್' ಎಂದು ಸುಮ್ಮನಾಗುವ ಎಷ್ಟೋ ದೂರುಗಳು ಇದರಿಂದಲೇ ಹೋಗುತ್ತವೆ, ಹೊಸ ಸ್ಟಾರ್ಟರ್ ಬೇಕಾಗುವುದಿಲ್ಲ.

ಎರಡನೆಯದು ಎಂ-25ರ ಹಳೇ ಆಲ್ಟರ್ನೇಟರ್ ಬ್ರ್ಯಾಕೆಟ್. ಅದು ಅದುರಿ ಬಿರುಕು ಬಿಟ್ಟರೆ ಜೊತೆಗೆ ಎಂಜಿನ್ ಮುಂಭಾಗದ ಗೇರ್ ಮುಚ್ಚಳವನ್ನೂ ಮುರಿಯಬಹುದು, ಆಗ ಎಣ್ಣೆ ಬಿಲ್ಜ್ ಪಾಲು. ಸುಧಾರಿಸಿದ ಬ್ರ್ಯಾಕೆಟ್ ಬಂದಿದೆ; ಹಾಕಿದ್ದಾರೋ ಇಲ್ಲವೋ ಎಂದು ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ಬಿಡದೆ ನೀವೇ ನೋಡಿ. ಹಳೇ ಬ್ರ್ಯಾಕೆಟ್‌ಗೆ ಯಾರಾದರೂ 100 ಆಂಪಿಯರ್ ಆಲ್ಟರ್ನೇಟರ್ ತೂಗುಹಾಕಿದ್ದರೆ ಎಂಜಿನ್ ಚಾಲೂ ಮಾಡುವ ಮುನ್ನವೇ ಅದರ ಮಾತಾಡಿ.

ಮೂರನೆಯದು ತಂಪು. ಸಮುದ್ರದ ನೀರಿನಿಂದ ಎಂಜಿನ್ನಿನ ನೀರನ್ನು ತಣಿಸುವ, ಎಂ-25ರ ಮೂಲ ಹೀಟ್ ಎಕ್ಸ್‌ಚೇಂಜರ್ 2 ಇಂಚು ವ್ಯಾಸದ್ದು, ಚಿಕ್ಕದು. ಒಳಗೆ ಪೆನ್ಸಿಲ್‌ನಂಥ ಸತುವಿನ ಕಡ್ಡಿ ಇರುತ್ತದೆ (ಉಳಿದ ಲೋಹದ ಬದಲು ಅದೇ ಸವೆಯುತ್ತದೆ), ಎರಡು-ಮೂರು ತಿಂಗಳಿಗೊಮ್ಮೆ ನೋಡಬೇಕು. ಹೊಸದು ಹಾಕುವವರು ಹಳೆಯದರ ತುಂಡು ಒಳಗೇ ಬಿಟ್ಟುಬಿಡುತ್ತಾರೆ. ತುಂಡುಗಳು ಸೇರಿ ಕೊಳವೆ ಕಟ್ಟಿಕೊಂಡು, ಜೋರು ಓಡಿಸಿದಾಗ ಮಾತ್ರ ಉಷ್ಣತೆ ಏರುತ್ತದೆ. ಆದ್ದರಿಂದ ಸಮುದ್ರ ಪರೀಕ್ಷೆಯಲ್ಲಿ ದಕ್ಕೆಯ ಪಕ್ಕ ಹತ್ತು ನಿಮಿಷ ಓಡಿಸಿದ್ದನ್ನು ಒಪ್ಪಬೇಡಿ. ತಣ್ಣಗಿನ ಎಂಜಿನ್‌ನಿಂದ ಶುರುಮಾಡಿಸಿ, ಪೂರ್ತಿ ವೇಗದಲ್ಲಿ ಕನಿಷ್ಠ 20 ನಿಮಿಷ ಓಡಿಸಿ. ತಣ್ಣಗಿನ ಎಂಜಿನ್ ಏಕೆಂದರೆ, ನೀವು ಬರುವ ಮುನ್ನವೇ ಬಿಸಿಮಾಡಿಟ್ಟರೆ ಸ್ಟಾರ್ಟಿಂಗ್ ತೊಂದರೆ ಮರೆಯಾಗುತ್ತದೆ. 3 ಇಂಚಿನ ಎಕ್ಸ್‌ಚೇಂಜರ್ ಹಾಕಿಸಿದ ದೋಣಿ ಸಿಕ್ಕರೆ ಒಳ್ಳೆಯದು.

ಇನ್ನು ಎಕ್ಸಾಸ್ಟ್ ರೈಸರ್. ಎಂಜಿನ್ನಿನ ಹೊಗೆ ಹೊರಹೋಗುವ, ಶಾಖದ ಪಟ್ಟಿ ಸುತ್ತಿದ ಕಬ್ಬಿಣದ ಕೊಳವೆ. ಸಮುದ್ರದ ನೀರು ಸೇರುವ ಬಾಗಿನಲ್ಲಿ ಒಳಗಿನಿಂದ ತಿಂದುಹಾಕುತ್ತದೆ. ಪಟ್ಟಿಯ ಮೇಲೆ ಕಪ್ಪು ಮಸಿ ಅಥವಾ ಬಿಳಿ ಉಪ್ಪು ಕಂಡರೆ ತೂತಾಗಿದೆ. ಕೊಳಾಯಿ ಅಂಗಡಿಯ ಕಪ್ಪು ಕಬ್ಬಿಣದ ತುಂಡುಗಳಿಂದ ಕಡಿಮೆ ಖರ್ಚಿನಲ್ಲಿ ಹೊಸದು ಮಾಡಿಕೊಳ್ಳುವವರಿದ್ದಾರೆ, ಕೆಲವು ವರ್ಷಕ್ಕೊಮ್ಮೆ ಬದಲಿಸುವ ಲೆಕ್ಕವಿಟ್ಟರೆ ತಪ್ಪಲ್ಲ.

ಬಿಡಿಭಾಗದ ವಿಷಯಕ್ಕೆ ಬಂದರೆ ಕ್ಯಾಟಲಿನಾ ಗೆದ್ದಾಯಿತು. 36ರ ಮಾದರಿ 2005ರವರೆಗೆ ಬಂತು, 2,300ಕ್ಕೂ ಹೆಚ್ಚು ದೋಣಿಗಳು ಹೊರಬಿದ್ದವು. ಸ್ಯಾಕ್ರಮೆಂಟೊದ ಕ್ಯಾಟಲಿನಾ ಡೈರೆಕ್ಟ್ ಅಂಗಡಿಯಲ್ಲಿ ಕಿಟಕಿಯ ಅಕ್ರಿಲಿಕ್‌ನಿಂದ ಹಿಡಿದು ವೈರಿಂಗ್ ಕಿಟ್‌ವರೆಗೆ ಅಳತೆಗೆ ಸರಿಯಾದದ್ದು ಸಿಗುತ್ತದೆ. ಎರಿಕ್ಸನ್ 1990ರ ಸುಮಾರಿಗೆ ಬಾಗಿಲು ಹಾಕಿತು, ಕೆಲವು ಅಚ್ಚುಗಳು ಇನ್ನೊಂದು ದೋಣಿ ಕಂಪನಿಯಾದ ಪೆಸಿಫಿಕ್ ಸೀಕ್ರಾಫ್ಟ್‌ಗೆ ಹೋದವು. ಕಿಟಕಿ ಸೋರಿದರೆ ಹಳೆಯದನ್ನೇ ಮಾದರಿಯಾಗಿಟ್ಟು ಪ್ಲಾಸ್ಟಿಕ್ ಅಂಗಡಿಯಲ್ಲಿ ಕತ್ತರಿಸಿಕೊಳ್ಳಬೇಕು. ಕಿಟಕಿ ಎರಡರಲ್ಲೂ ಸೋರುತ್ತದೆ, ಅದರಲ್ಲಿ ಭೇದವಿಲ್ಲ.

ಡೆಕ್ ತಟ್ಟಿ ನೋಡುವುದನ್ನು ನೀವೇ ಮಾಡಬಹುದು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದು ಏಟು: ಗಟ್ಟಿ ಜಾಗ 'ಟಕ್' ಎನ್ನುತ್ತದೆ, ಫೈಬರ್ ಪದರಗಳ ನಡುವಿನ ಮರ ನೆನೆದ ಜಾಗ 'ದಬ್' ಎಂದು ಸತ್ತ ಸದ್ದು ಕೊಡುತ್ತದೆ. ಕಂಬಿಗಳ ಬುಡ, ಚೈನ್‌ಪ್ಲೇಟ್ ಸುತ್ತ, ವಿಂಚ್ ಸುತ್ತ ಬಿಡದೆ ನೋಡಿ. ಎರಿಕ್ಸನ್‌ನಲ್ಲಿ ಚೈನ್‌ಪ್ಲೇಟ್‌ಗೆ ಹೆಚ್ಚು ಹೊತ್ತು ಕೊಡಿ, ಒಳಗಿನ ಸರಳಿನ ಮೇಲೆ ಕಂದು ಗೆರೆ ಇಳಿದಿದ್ದರೆ ಡೆಕ್ ಸೋರುತ್ತಿದೆ. ಅಂಗೈ ಅಗಲದ ಒದ್ದೆ ಮನೆಯಲ್ಲೇ ಸರಿಯಾಗುತ್ತದೆ: ಕಾಲಿಂಚಿನ ಬೋಲ್ಟ್ ತೆಗೆದು, ತೂತನ್ನು ಅರ್ಧ ಇಂಚಿಗೆ ಅಗಲಿಸಿ, ಬಾಗಿಸಿದ ಮೊಳೆಯನ್ನು ಡ್ರಿಲ್‌ಗೆ ಕಚ್ಚಿಸಿ ಒಳಗಿನ ಕೊಳೆತ ಮರ ಕೆರೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬುವುದು. ಅದು ಗಟ್ಟಿಯಾದ ಮೇಲೆ ಮತ್ತೆ ಕಾಲಿಂಚು ಕೊರೆದು, ಬಾಯನ್ನು ಸ್ವಲ್ಪ ಇಳಿಜಾರು ಮಾಡಿ, ಬ್ಯೂಟೈಲ್ ಟೇಪ್ ಸುತ್ತಿ ಬಿಗಿಯುವುದು. ಸಿಲಿಕೋನ್ ಹಚ್ಚಬೇಡಿ, ಮುಂದೆ ಯಾವುದೂ ಅಲ್ಲಿ ಅಂಟುವುದಿಲ್ಲ. ಒಂದು ಮೊಳ ಉದ್ದಕ್ಕೂ 'ದಬ್' ಎಂದರೆ ಬೇರೆ ದೋಣಿ ನೋಡಿ.

ಒಳಗಿನ ವಾಸಕ್ಕೆ ಕ್ಯಾಟಲಿನಾ. ಅಗಲದ ಊಟದ ಮೇಜು, ಹಿಂದೆ ಇಬ್ಬರು ಮಲಗುವ ದೊಡ್ಡ ಹಾಸಿಗೆ, ಬೆಳಕು. ಏಂಜಲ್ ಐಲೆಂಡ್‌ನ ಅಯಾಲಾ ಕೋವ್‌ನಲ್ಲಿ ರಾತ್ರಿ ಕಳೆಯಲು ಮಕ್ಕಳಿರುವ ಮನೆಯವರು ಇದನ್ನು ಹತ್ತಿದ ಮೇಲೆ ಎರಿಕ್ಸನ್ ಕಡೆ ತಿರುಗುವುದು ಕಷ್ಟ. ಎರಿಕ್ಸನ್‌ನ ತೇಗದ ಕೆಲಸ ಮಾತ್ರ ಬೇರೆಯೇ ದರ್ಜೆಯದು, ವಾಲಿದಾಗ ಹಿಡಿದುಕೊಳ್ಳಲು ಕೈಗೆ ಏನಾದರೂ ಸಿಗುತ್ತದೆ.

ಒಲೆಯ ವಿಷಯ ಬ್ರೋಕರ್ ಹೇಳುವುದಿಲ್ಲ. 1980ರ ದಶಕದ ಇಂಥ ದೋಣಿಗಳಲ್ಲಿ ಅನೇಕಕ್ಕೆ ಸಿಎನ್‌ಜಿ ಒಲೆ ಬಂದಿತ್ತು. ಈಗ ಆ ಸಿಲಿಂಡರ್ ತುಂಬಿಸುವವರೇ ವಿರಳ. ಪ್ರೊಪೇನ್‌ಗೆ ಬದಲಿಸುವುದೆಂದರೆ ಬರೀ ಸಿಲಿಂಡರ್ ಬದಲಿಸುವುದಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಬಿಲ್ಜ್‌ನಲ್ಲಿ ಶೇಖರವಾಗುತ್ತದೆ. ಹಾಗಾಗಿ ಕ್ಯಾಬಿನ್‌ಗೆ ಸಂಪರ್ಕವಿಲ್ಲದ, ತಳದಿಂದ ಹೊರಕ್ಕೆ ಗಾಳಿಕಂಡಿ ಇರುವ ಪೆಟ್ಟಿಗೆ, ಸ್ವಿಚ್ ಒತ್ತಿ ಅನಿಲ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್, ನಡುವೆ ಜೋಡಣೆಯಿಲ್ಲದ ಒಂದೇ ಕೊಳವೆ, ಅನಿಲ ಪತ್ತೆಯ ಅಲಾರಂ ಎಲ್ಲ ಬೇಕು. ತೂಗಾಡುವ ಒಲೆಯ ಮೇಲೆ ಕುಕ್ಕರ್ ಇಡುವವರು ಪಾತ್ರೆ ಹಿಡಿಯುವ ಕಂಬಿಗೆ ಮೂರು ಲೀಟರಿನದು ಕೂರುತ್ತದೆಯೇ ನೋಡಿ. ಐದು ಲೀಟರ್ ತುಂಬಿಟ್ಟರೆ ಒಲೆಯೇ ಒಂದು ಕಡೆಗೆ ವಾಲಿ ನಿಲ್ಲುತ್ತದೆ. ಸಾಸಿವೆ ಸಿಡಿಸುವುದು ಲಂಗರು ಹಾಕಿದ ಮೇಲೆ.

ಕಾಗದಪತ್ರದಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಕೋಸ್ಟ್ ಗಾರ್ಡ್‌ನ ಫೆಡರಲ್ ದಾಖಲಾತಿ ಅಮೆರಿಕದ ಪ್ರಜೆಗಳಿಗೆ ಮಾತ್ರ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ಕ್ಯಾಲಿಫೋರ್ನಿಯಾದ ವಾಹನ ಇಲಾಖೆಯಾದ ಡಿಎಂವಿಯಲ್ಲಿ ನೋಂದಾಯಿಸಿ ಸಿಎಫ್ ಸಂಖ್ಯೆ (ರಾಜ್ಯದ ದೋಣಿ ನೋಂದಣಿ ಸಂಖ್ಯೆ) ಪಡೆಯಬೇಕು. ಮಾರುವವರ ದೋಣಿ ಫೆಡರಲ್ ದಾಖಲೆಯಲ್ಲಿದ್ದರೆ ಅದನ್ನು ತೆಗೆಸಿಕೊಡುವುದು ಯಾರ ಹೊಣೆ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಹಣ ಕೊಟ್ಟ ಮೇಲೂ ಹೆಸರು ವರ್ಗವಾಗದೆ ತಿಂಗಳುಗಟ್ಟಲೆ ಎಳೆಯುತ್ತದೆ. ಖಾಸಗಿಯವರಿಂದ ಕೊಂಡರೂ ರಾಜ್ಯಕ್ಕೆ ಯೂಸ್ ಟ್ಯಾಕ್ಸ್ (ಮಾರಾಟ ತೆರಿಗೆಯ ಬದಲಿಗೆ ಕೊಂಡವರೇ ಕಟ್ಟುವ ತೆರಿಗೆ) ಕಟ್ಟಬೇಕು. ಕೌಂಟಿಯ ಆಸ್ತಿತೆರಿಗೆ ಜನವರಿ 1ಕ್ಕೆ ದೋಣಿ ಯಾರ ಹೆಸರಲ್ಲಿರುತ್ತದೋ ಅವರ ಮೇಲೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ವ್ಯವಹಾರ ಮುಗಿಸುವವರು ಈ ಮೊತ್ತವನ್ನೂ ಚೌಕಾಶಿಗೆ ತರಬಹುದು. ವಿಮೆಯವರು ಹಳೇ ದೋಣಿಗೆ ಸರ್ವೇ ವರದಿ ಕೇಳುತ್ತಾರೆ, ಮೊದಲ ಸಲ ಕೊಳ್ಳುವವರಾದರೆ ಅನುಭವವನ್ನೂ ಕೇಳುತ್ತಾರೆ. ಎಎಸ್ಎ (ಅಮೆರಿಕನ್ ಸೇಲಿಂಗ್ ಅಸೋಸಿಯೇಷನ್) 103, 104ರ ಹಾಯಿ ತರಬೇತಿಯ ಪ್ರಮಾಣಪತ್ರ ಇದ್ದರೆ ಮಾತು ಬೇಗ ಮುಗಿಯುತ್ತದೆ. ಮುಂಗಡ ಕೊಡುವ ಮುನ್ನವೇ ವಿಮೆಯವರಿಂದ ಮತ್ತು ನೀವು ದೋಣಿ ಕಟ್ಟಬೇಕೆಂದಿರುವ ಮರೀನಾದಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. 36 ಅಡಿಯ ಸ್ಲಿಪ್ (ಮರೀನಾದಲ್ಲಿ ದೋಣಿ ಕಟ್ಟುವ ಜಾಗ) ಖಾಲಿ ಇಲ್ಲದೆ, ಮಾರಿದವರ ಜಾಗವೂ ವರ್ಗವಾಗದೆ, ಕೊಂಡ ದೋಣಿ ಎಲ್ಲಿ ಕಟ್ಟುವುದೆಂದು ಪರದಾಡುವವರು ಪ್ರತಿ ಬೇಸಿಗೆಯಲ್ಲೂ ಸಿಗುತ್ತಾರೆ.